ಸನದಿಲ್ಲದ ನಕ್ಷೆ

2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಲಿಂಗರಾಜಪುರ, ಕಮ್ಮನಹಳ್ಳಿ, ಬಾಣಸವಾಡಿ, ಕಾಡುಗೊಂಡನಹಳ್ಳಿ, ನಾಗವಾರ ಮೊದಲಾದ ಬಡಾವಣೆಗಳನ್ನು ಕೂಡಿಸಿ ಒಂದು ವಿಧಾನಸಭಾ ಕ್ಷೇತ್ರ ಮಾಡಿದಾಗ ಅದಕ್ಕೆ ಸರ್ವಜ್ಞನಗರವೆಂದು ಹೆಸರಿಟ್ಟರು. ಎಲ್ಲವನ್ನೂ ಬಲ್ಲವನ ಹೆಸರು. ಆದರೆ ಈ ಸೀಮೆಯಲ್ಲಿ ಯಂತ್ರದ ಬಿಡಿಭಾಗ ಮಾಡಿ ಬದುಕುವ ನಮ್ಮಂಥವರ ಅನುಭವವೇ ಬೇರೆ. ಇಲ್ಲಿ ಒಂದು ಕಂಪ್ಯೂಟರಿಗೆ ಗೊತ್ತಿರುವುದು ರಸ್ತೆಯಾಚೆಯ ಇನ್ನೊಂದು ಕಂಪ್ಯೂಟರಿಗೆ ಗೊತ್ತಿರುವುದಿಲ್ಲ. ಗೊತ್ತಿರುವಂತೆ ನಟಿಸುತ್ತದೆ, ಅದು ಇನ್ನೂ ಅಪಾಯ.

ನಗರದ ಈ ಪೂರ್ವ ದಿಕ್ಕು ಮೊದಲಿನಿಂದಲೂ ಕಾರ್ಖಾನೆಗಳ ದಿಕ್ಕು. 1940ರಲ್ಲಿ ಆರಂಭವಾದ ವಿಮಾನ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್, ಈ ಕಡೆಯದೇ. ದೂರವಾಣಿನಗರಕ್ಕೆ ಆ ಹೆಸರು ತಂದುಕೊಟ್ಟ ಐಟಿಐ 1948ರದ್ದು. ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಇತ್ತು. ಜರ್ಮನಿಯ ಎಇಜಿ ಸಹಯೋಗದಲ್ಲಿ ಮೋಟಾರು, ಟ್ರಾನ್ಸ್‌ಫಾರ್ಮರು ಮಾಡುತ್ತಿದ್ದ ಆ ಕಾರ್ಖಾನೆ 2002ರಲ್ಲಿ ಬಾಗಿಲು ಹಾಕಿತು. ಇತ್ತ ನಾಗವಾರದ ಬಳಿ ಮಾನ್ಯತಾ ಟೆಕ್ ಪಾರ್ಕಿನಂಥ ಗಾಜಿನ ಕಟ್ಟಡಗಳು ಎದ್ದಿವೆ. ಅಂಥ ಕಟ್ಟಡಗಳ ಎಷ್ಟೋ ಮಹಡಿಗಳಲ್ಲಿ ಪರದೇಶದ ಕಾರು, ವಿಮಾನ, ಆಸ್ಪತ್ರೆಯ ಯಂತ್ರಗಳ ನಕ್ಷೆಗಳನ್ನು ನಮ್ಮ ಹುಡುಗ ಹುಡುಗಿಯರು ಬಿಡಿಸುತ್ತಾರೆ. ಈ ಎರಡರ ನಡುವೆ ಗಲ್ಲಿಗಳಲ್ಲಿ ತಗಡಿನ ಶೆಡ್ಡುಗಳಿವೆ. ನಮ್ಮದೂ ಅಂಥದ್ದೊಂದು. ನಾಲ್ವರು ಪಾಲುದಾರರು, ಎರಡು ಸಿಎನ್‌ಸಿ ಯಂತ್ರ, ಒಂದು ಹಳೆಯ ಲೇತು, ಆರು ಮಂದಿ ಕೆಲಸದ ಹುಡುಗರು. ಗಾಜಿನ ಕಟ್ಟಡದಲ್ಲಿ ಬಿಡಿಸಿದ್ದು ಕೊನೆಗೆ ಲೋಹವಾಗುವುದು ಇಂಥ ಶೆಡ್ಡುಗಳಲ್ಲಿ.

ಒಂದು ಬಿಡಿಭಾಗದ ಮಾಹಿತಿ ಎಂದರೆ ಅದರ ಆಕಾರವಷ್ಟೇ ಎಂದು ಹೊರಗಿನವರು ತಿಳಿಯುತ್ತಾರೆ. ಆಕಾರ ಅದರಲ್ಲಿ ಒಂದು ಪಾಲು. ಯಾವ ಲೋಹ, ಎಷ್ಟು ಗಡಸು, ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಆಗಬಹುದು, ಯಾವ ಮುಖ ನುಣುಪಾಗಿರಬೇಕು, ಯಾವ ತೂತಿಗೆ ಥ್ರೆಡ್ ಬೇಕು, ಇದು ಯಾವ ದೊಡ್ಡ ಯಂತ್ರದ ಎಲ್ಲಿ ಕೂರುತ್ತದೆ, ಈ ನಕ್ಷೆ ಎಷ್ಟನೆಯ ತಿದ್ದುಪಡಿ, ತಿದ್ದಿದವರು ಯಾರು, ಒಪ್ಪಿದವರು ಯಾರು – ಇಷ್ಟೂ ಬೇಕು. ದೊಡ್ಡ ಕಂಪೆನಿಗಳಲ್ಲಿ ಇವೆಲ್ಲ ಒಂದೇ ಕಡೆ ಇರುವುದಿಲ್ಲ. ಆಕಾರವನ್ನು ಕ್ಯಾಟಿಯಾ, ಎನ್‌ಎಕ್ಸ್, ಕ್ರಿಯೋ, ಸಾಲಿಡ್‌ವರ್ಕ್ಸ್‌ನಂಥ ತಂತ್ರಾಂಶದಲ್ಲಿ ಬಿಡಿಸುತ್ತಾರೆ. ತಿದ್ದುಪಡಿಯ ಚರಿತ್ರೆ ಟೀಮ್‌ಸೆಂಟರ್, ವಿಂಡ್‌ಚಿಲ್‌ನಂಥ ಮತ್ತೊಂದು ಉಗ್ರಾಣದಲ್ಲಿರುತ್ತದೆ. ಖರೀದಿ, ಲೆಕ್ಕ, ದಾಸ್ತಾನು ಎಸ್‌ಎಪಿಯಂಥ ಮೂರನೆಯದರಲ್ಲಿ. ಮೂರಕ್ಕೂ ಮೂರು ಭಾಷೆ. ಒಂದೇ ತುಂಡಿಗೆ ಒಂದು ಕಡೆ ಒಂದು ನಂಬರು, ಇನ್ನೊಂದು ಕಡೆ ಇನ್ನೊಂದು. ನಡುವೆ ಯಾರೋ ಪಾಪದವರು ಎಕ್ಸೆಲ್ ಹಾಳೆಯಲ್ಲಿ ಪಟ್ಟಿ ಮಾಡಿ ದಾಟಿಸುತ್ತಾರೆ. 00471 ಎಂಬ ಭಾಗಸಂಖ್ಯೆಯ ಎರಡು ಸೊನ್ನೆಗಳನ್ನು ಎಕ್ಸೆಲ್ ತನ್ನಷ್ಟಕ್ಕೆ ನುಂಗುತ್ತದೆ. 3-12 ಎಂಬುದನ್ನು ತಾರೀಕು ಮಾಡಿಬಿಡುತ್ತದೆ. ನಗು ಬರುತ್ತದೆ, ಆದರೆ ಸೊನ್ನೆ ಕಳೆದುಕೊಂಡ ನಂಬರಿನ ಹಿಂದೆ ಒಂದು ಲಾರಿ ಸರಕು ಹೋಗಬೇಕಾದ ಕಡೆ ಹೋಗದೆ ನಿಂತದ್ದುಂಟು.

ಹಳೇ ಮದ್ರಾಸ್ ರಸ್ತೆಯ ಒಂದು ಸರಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಚಾಚಾ ಒಬ್ಬರು ನಮ್ಮ ಶೆಡ್ಡಿನ ಪಕ್ಕದಲ್ಲೇ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಕಾಗದದ ಕಾಲದ ಶಿಸ್ತನ್ನು ಅವರು ಬಣ್ಣಿಸುವುದನ್ನು ಕೇಳಬೇಕು. ಅಮೋನಿಯಾ ವಾಸನೆಯ ಪ್ರಿಂಟು, ಅದರ ಬಲಮೂಲೆಯಲ್ಲಿ ಚೌಕ, ಚೌಕದಲ್ಲಿ ಬಿಡಿಸಿದವನ ಸಹಿ, ಪರಿಶೀಲಿಸಿದವನ ಸಹಿ, ಒಪ್ಪಿದವನ ಸಹಿ. ಹೊಸ ನಕ್ಷೆ ಬೇಕಾದರೆ ಹಳೆಯದನ್ನು ತಂದೊಪ್ಪಿಸಬೇಕು. ಒಪ್ಪಿಸದವನಿಗೆ ಹೊಸದು ಇಲ್ಲ. “ನಿಮ್ಮ ಕಂಪ್ಯೂಟರಿನಲ್ಲಿ ಹಳೆಯದನ್ನು ಯಾರು ವಾಪಸ್ ಇಸ್ಕೋತಾರೆ ಬೇಟಾ?” ಎಂದು ಚಾಚಾ ಕೇಳುತ್ತಾರೆ. ಆ ಕಾಲವೆಲ್ಲ ಚಿನ್ನ ಎಂದು ನಾವು ನಂಬುವುದಿಲ್ಲ. ರಿಜಿಸ್ಟರು ಒದ್ದೆಯಾದರೆ, ಗುಮಾಸ್ತ ರಜೆ ಹಾಕಿದರೆ ಅಲ್ಲಿಯೂ ಕೆಲಸ ನಿಲ್ಲುತ್ತಿತ್ತು. ಆದರೂ ಅವರ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ. ಫೈಲನ್ನು ಕಳಿಸಿದವನ ಬಳಿಯೂ ಅದು ಉಳಿಯುತ್ತದೆ, ಪಡೆದವನ ಬಳಿಯೂ ಉಳಿಯುತ್ತದೆ, ದಾರಿಯ ಮಿಂಚಂಚೆಗಳಲ್ಲೂ ಉಳಿಯುತ್ತದೆ. ಯಾವುದೂ ಸಾಯುವುದಿಲ್ಲ.

ಇದು ಬಡ ಶೆಡ್ಡಿನವರ ಗೋಳು ಎಂದು ಓದುಗರು ತಿಳಿಯಬಾರದು. 2022ರ ಅಕ್ಟೋಬರಿನಲ್ಲಿ ಎಮಿರೇಟ್ಸ್ ಸಂಸ್ಥೆ ದುಬೈನಿಂದ ಬೆಂಗಳೂರಿಗೆ ಎ380 ವಿಮಾನದ ಸೇವೆ ಆರಂಭಿಸಿತು. ಕೊಲ್ಲಿಯಲ್ಲಿ ದುಡಿಯುವ ನಮ್ಮ ಬಂಧುಗಳು ಆ ಎರಡಂತಸ್ತಿನ ವಿಮಾನದಿಂದಿಳಿದು ಅದರ ವೈಭವ ವರ್ಣಿಸುತ್ತಾರೆ. ಜಗತ್ತಿನ ಅತಿದೊಡ್ಡ ಆ ಪ್ರಯಾಣಿಕ ವಿಮಾನ ಒಂದು ಕಾಲದಲ್ಲಿ ತಂತಿ ಸಾಲದೆ ನಿಂತಿತ್ತು. ಅದರೊಳಗೆ ಓಡುವ ವಿದ್ಯುತ್ ತಂತಿ ಒಟ್ಟು 500 ಕಿಲೋಮೀಟರಿಗೂ ಹೆಚ್ಚು. ಹ್ಯಾಂಬರ್ಗ್‌ನಲ್ಲಿ ಕಟ್ಟಿದ ತಂತಿಯ ಕಂತೆಗಳನ್ನು ಫ್ರಾನ್ಸಿನ ಟುಲೂಸ್‌ನಲ್ಲಿ ಜೋಡಿಸಹೋದಾಗ ಅವು ತಮ್ಮ ಜಾಗ ಮುಟ್ಟಲಿಲ್ಲ. ಜರ್ಮನಿ ಮತ್ತು ಸ್ಪೇನಿನವರು ಕ್ಯಾಟಿಯಾದ ನಾಲ್ಕನೆಯ ಆವೃತ್ತಿಯಲ್ಲಿ ಬಿಡಿಸುತ್ತಿದ್ದರು, ಫ್ರಾನ್ಸ್ ಮತ್ತು ಬ್ರಿಟನ್ನಿನವರು ಐದನೆಯದರಲ್ಲಿ. ಒಂದೇ ಕಂಪೆನಿಯ ಒಂದೇ ತಂತ್ರಾಂಶ, ಆವೃತ್ತಿ ಮಾತ್ರ ಬೇರೆ. ಒಂದರಲ್ಲಿ ಮಾಡಿದ ಬದಲಾವಣೆ ಇನ್ನೊಂದಕ್ಕೆ ಸರಿಯಾಗಿ ದಾಟಲಿಲ್ಲ. 2006ರ ಜೂನ್‌ನಲ್ಲಿ ವಿಳಂಬದ ಸುದ್ದಿ ಹೊರಬಿದ್ದಾಗ ಮಾತೃಸಂಸ್ಥೆಯ ಶೇರುಬೆಲೆ ಒಂದೇ ದಿನ ಕಾಲುಭಾಗದಷ್ಟು ಕುಸಿಯಿತು, ಮುಖ್ಯಸ್ಥರು ಕುರ್ಚಿ ಬಿಟ್ಟರು. ಮೊದಲ ವಿಮಾನ ಗ್ರಾಹಕನ ಕೈ ಸೇರಿದ್ದು 2007ರ ಅಕ್ಟೋಬರಿನಲ್ಲಿ. ವಿಚಿತ್ರವೆಂದರೆ ಆ ವಿಮಾನದ ಕೆಲಸಕ್ಕೆ ನಮ್ಮ ಬೆಂಗಳೂರಿನದೇ ಒಂದು ತಂತ್ರಾಂಶವನ್ನೂ ಬಳಸಲಾಗಿತ್ತು: ತೇಜಸ್ ಯುದ್ಧವಿಮಾನಕ್ಕಾಗಿ ಇಲ್ಲಿನ ಎಡಿಎ ಸಿದ್ಧಪಡಿಸಿದ ‘ಆಟೋಲೇ’.

ಆ ಕಥೆಯಲ್ಲಿ ನಾವು ಮರೆಯಲಾರದ ಭಾಗ ಬೇರೆ ಇದೆ. ಮುಖ್ಯಸ್ಥರ ರಾಜೀನಾಮೆ ಪತ್ರಿಕೆಗಳ ಮುಖಪುಟಕ್ಕೆ ಬಂತು. 2007ರ ಫೆಬ್ರವರಿಯಲ್ಲಿ ಅದೇ ಸಂಸ್ಥೆ 10,000 ಹುದ್ದೆ ಕಡಿತದ ಯೋಜನೆ ಪ್ರಕಟಿಸಿತು. ಡಾಲರಿನ ಕುಸಿತವೂ ಕಾರಣವಾಗಿತ್ತು, ಎ380ರ ವಿಳಂಬವೂ. ಆ ಹತ್ತು ಸಾವಿರದಲ್ಲಿ ಅರ್ಧದಷ್ಟು ಮಂದಿ ತಾತ್ಕಾಲಿಕ ನೌಕರರು ಮತ್ತು ಉಪಗುತ್ತಿಗೆಯವರು. ಆವೃತ್ತಿ ನಾಲ್ಕು ಬೇಕೋ ಐದು ಬೇಕೋ ಎಂದು ಅವರನ್ನು ಯಾರೂ ಕೇಳಿರಲಾರರು.

ಅನುವಾದದ ಈ ಖರ್ಚನ್ನು ಅಮೆರಿಕದವರು ಒಮ್ಮೆ ಲೆಕ್ಕ ಹಾಕಿದರು. ಅಲ್ಲಿನ ಸರಕಾರದ ಮಾನಕ ಸಂಸ್ಥೆ 1999ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಾರು ಉದ್ಯಮ ಮತ್ತು ಅದಕ್ಕೆ ಭಾಗ ಒದಗಿಸುವವರ ನಡುವೆ ವಿನ್ಯಾಸದ ಮಾಹಿತಿ ಸರಿಯಾಗಿ ದಾಟದೆ ಆಗುವ ನಷ್ಟ ವರ್ಷಕ್ಕೆ ಕನಿಷ್ಠ 100 ಕೋಟಿ ಡಾಲರ್. ಬಂದ ಫೈಲನ್ನು ರಿಪೇರಿ ಮಾಡುವುದು, ಆಗದಿದ್ದರೆ ಮತ್ತೆ ಮೊದಲಿನಿಂದ ಬಿಡಿಸುವುದು – ಅದರಲ್ಲಿ ದೊಡ್ಡ ಪಾಲು ಇದರದೇ. ಕಾಡುಗೊಂಡನಹಳ್ಳಿಯ ಲೆಕ್ಕವನ್ನು ಯಾರೂ ಹಾಕಿಲ್ಲ.

ಪರಿಹಾರವಿಲ್ಲವೆಂದಲ್ಲ. ಯಾವುದೇ ಕಂಪೆನಿಗೂ ಸೇರದ ಒಂದು ಮಧ್ಯಸ್ಥ ಭಾಷೆಯನ್ನು ಜಗತ್ತಿನ ತಂತ್ರಜ್ಞರು ಕಟ್ಟಿದ್ದಾರೆ. ಅದರ ಹೆಸರು ಸ್ಟೆಪ್. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 10303. 1984ರಲ್ಲಿ ಕೆಲಸ ಶುರುವಾಗಿ 1994ರಲ್ಲಿ ಮೊದಲ ಭಾಗಗಳು ಹೊರಬಂದವು. ಒಂದು ತಂತ್ರಾಂಶ ತನ್ನ ನಕ್ಷೆಯನ್ನು ಸ್ಟೆಪ್‌ಗೆ ತರ್ಜುಮೆ ಮಾಡಿ ಕಳಿಸುತ್ತದೆ, ಇನ್ನೊಂದು ಅದನ್ನು ಓದಿಕೊಳ್ಳುತ್ತದೆ. ದೊಡ್ಡ ಉಪಕಾರ. ಇದಿಲ್ಲದಿದ್ದರೆ ನಮ್ಮಂಥ ಶೆಡ್ಡುಗಳು ಬಾಗಿಲು ಹಾಕಬೇಕಿತ್ತು. ಆದರೆ ಬಹುಮಟ್ಟಿಗೆ ದಾಟಿ ಬರುವುದು ಆಕಾರ. ಬಿಡಿಸಿದವನು ಯಾವ ಕ್ರಮದಲ್ಲಿ ಬಿಡಿಸಿದ, ಯಾವ ಅಳತೆಯನ್ನು ಯಾವುದಕ್ಕೆ ಕಟ್ಟಿದ್ದ ಎಂಬುದು ಬರುವುದಿಲ್ಲ. ಅಳತೆಯ ಮಿತಿ, ಟಿಪ್ಪಣಿಗಳನ್ನು ಆಕಾರದ ಜೊತೆಗೇ ಹೊರಬಲ್ಲ ಹೊಸ ರೂಪ 2014ರಲ್ಲೇ ಪ್ರಕಟವಾಗಿದೆ; ನಮಗೆ ಬರುವ ಫೈಲುಗಳಲ್ಲಿ ಅದನ್ನು ಕಾಣುವುದು ಅಪರೂಪ.

ಥ್ರೆಡ್ಡಿನ ಉದಾಹರಣೆ ಕೊಡುತ್ತೇವೆ. ಎಂ8 ಬೋಲ್ಟು ಕೂರಬೇಕಾದರೆ 6.8 ಮಿಲಿಮೀಟರಿನ ತೂತು ಕೊರೆದು ಅದಕ್ಕೆ ಟ್ಯಾಪ್ ಹೊಡೆಯಬೇಕು. ಬೋಲ್ಟು ಸುಮ್ಮನೆ ಹಾದುಹೋಗುವ ತೂತಾದರೆ ಎಂಟಕ್ಕಿಂತ ತುಸು ದೊಡ್ಡದು ಸಾಕು, ಥ್ರೆಡ್ ಬೇಡ. ಥ್ರೆಡ್ಡಿನ ಸುರುಳಿಯನ್ನು ಕಂಪ್ಯೂಟರಿನಲ್ಲಿ ಯಾರೂ ನಿಜವಾಗಿ ಬಿಡಿಸುವುದಿಲ್ಲ, ಫೈಲು ಭಾರವಾಗುತ್ತದೆ. ಬರೀ ತೂತು ತೋರಿಸಿ ‘ಇಲ್ಲಿ ಥ್ರೆಡ್’ ಎಂದು ಗುರುತು ಹಾಕುತ್ತಾರೆ. ಕೆಲವರು ಆ ತೂತನ್ನು 6.8 ಎಂದು ತೋರಿಸುತ್ತಾರೆ, ಕೆಲವರು ಪೂರ್ತಿ 8 ಎಂದು. ತರ್ಜುಮೆಯಲ್ಲಿ ಗುರುತು ಉದುರಿಹೋಗುತ್ತದೆ, ತೂತು ಉಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ನಮಗೆ ಅಲ್ಯೂಮಿನಿಯಂ ಬ್ರಾಕೆಟ್ಟುಗಳ ಆರ್ಡರು ಬಂತು, 240 ತುಂಡು. ಬಂದದ್ದು ಸ್ಟೆಪ್ ಫೈಲು ಮಾತ್ರ. ಕಾಗದದ ನಕ್ಷೆ ಬೇರೊಂದು ವ್ಯವಸ್ಥೆಯಲ್ಲಿದೆ, ಅದನ್ನು ಹೊರಗಿನವರಿಗೆ ತೆರೆಯುವ ಅಧಿಕಾರ ತಮಗಿಲ್ಲ ಎಂದರು. ನಾಲ್ಕು ತೂತುಗಳು ನಿಖರವಾಗಿ 8 ಮಿಲಿಮೀಟರು. ನಮಗೆ ಅನುಮಾನ ಬಂತು. ಬರೀ ಹಾದುಹೋಗುವ ತೂತಿಗೆ ಯಾರೂ ಸರಿಯಾಗಿ ಎಂಟು ಇಡುವುದಿಲ್ಲ. ಬರೆದು ಕೇಳಿದೆವು: ಇವಕ್ಕೆ ಥ್ರೆಡ್ ಉಂಟೇ? ಎರಡು ದಿನ ಕಳೆದು ಉತ್ತರ ಬಂತು: ಮಾಡೆಲ್ಲೇ ಪ್ರಮಾಣ, ಅದರಂತೆ ಮಾಡಿ. ಮಾಡಿ ಕಳಿಸಿದೆವು. ವಾರ ಕಳೆದು ಅಷ್ಟೂ ವಾಪಸ್ಸು ಬಂತು, ಥ್ರೆಡ್ ಇಲ್ಲವೆಂದು. ಎಂಟು ಕೊರೆದಲ್ಲಿ ಎಂ8 ಟ್ಯಾಪ್ ಹಿಡಿಯುವುದಿಲ್ಲ. ಸ್ಪ್ರಿಂಗಿನಂಥ ತಂತಿಯ ಒಳಗೂಡು ಕೂರಿಸಿ ಉಳಿಸಬಹುದು ಎಂದು ವಿನಂತಿಸಿದೆವು, ಒಪ್ಪಲಿಲ್ಲ. ಬಿಲ್ಲಿನಿಂದ ಹಣ ಕಡಿದರು. ರಮಝಾನಿನ ಎರಡನೆಯ ವಾರ. ಹುಡುಗರ ಕೂಲಿಯನ್ನು ಹಬ್ಬಕ್ಕೆ ಮೊದಲು ಕೊಡಲೇಬೇಕು; ನಮ್ಮಲ್ಲೊಬ್ಬರ ಮನೆಯ ಬಳೆ ಬ್ಯಾಂಕಿಗೆ ಹೋಯಿತು. ಬ್ರಾಕೆಟ್ಟುಗಳನ್ನು ಶಿವಾಜಿನಗರದ ಗುಜರಿಗೆ ಕಿಲೋ ಲೆಕ್ಕದಲ್ಲಿ ಹಾಕಿದೆವು.

ಯಾರನ್ನು ಹಿಡಿದು ಕೇಳುವುದು? ಖರೀದಿ ವಿಭಾಗದ ಹುಡುಗ ಒಳ್ಳೆಯವನು. “ಸರ್, ನನ್ನ ಸಿಸ್ಟಮ್ಮಿನಲ್ಲಿ ಬರೀ ಐಟಂ ನಂಬರ್ ಕಾಣುತ್ತೆ, ಥ್ರೆಡ್ ಎಲ್ಲ ಕಾಣಲ್ಲ” ಎಂದ. ಅದು ಸುಳ್ಳಲ್ಲ. ವಿನ್ಯಾಸ ವಿಭಾಗದವರು, ತಮ್ಮ ಮೂಲ ಫೈಲಿನಲ್ಲಿ ಗುರುತು ಇದೆ ನೋಡಿ ಎಂದು ತೆರೆದು ತೋರಿಸಿದರು. ಅದೂ ನಿಜ. ಗುಣಮಟ್ಟ ವಿಭಾಗದವರು ತಮ್ಮ ವ್ಯವಸ್ಥೆಯ ಕಾಗದದ ನಕ್ಷೆ ಹಿಡಿದು ತೂಗಿದ್ದರು. ಅವರದೂ ಸರಿಯೇ. ಪ್ರತಿಯೊಬ್ಬನ ಪರದೆಯ ಮೇಲೂ ಸತ್ಯವಿತ್ತು. ಪರದೆಯಿಂದ ಪರದೆಗೆ ದಾಟುವ ಸಂಕದಲ್ಲಿ ಮಾತ್ರ ಯಾರೂ ಇರಲಿಲ್ಲ.

ಆ ರಾತ್ರಿ ನಾವು ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದೆವು. ಇದು ಹೆಚ್ಚಿನವರಿಗೆ ಗೊತ್ತಿಲ್ಲ: ಸ್ಟೆಪ್ ಫೈಲು ಬರಿಯ ಅಕ್ಷರಗಳ ಪಠ್ಯ, ಯಾರು ಬೇಕಾದರೂ ಓದಬಹುದು. ಸಾವಿರಾರು ಸಾಲುಗಳು, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಇದು ಬಿಂದು, ಇದು ಗೆರೆ, ಇದು ಉರುಳೆ. ಇವೆಲ್ಲಕ್ಕೂ ಮೊದಲು ತಲೆಬರಹವೊಂದಿದೆ. ಅದರ ಒಂದು ಸಾಲಿನಲ್ಲಿ ಏಳು ಖಾನೆಗಳು: ಫೈಲಿನ ಹೆಸರು, ಸಿದ್ಧವಾದ ದಿನ ಮತ್ತು ಹೊತ್ತು, ಕರ್ತೃ, ಅವನ ಸಂಸ್ಥೆ, ತರ್ಜುಮೆ ಮಾಡಿದ ತಂತ್ರಾಂಶ, ಮೂಲ ವ್ಯವಸ್ಥೆ, ಅಧಿಕಾರ ಕೊಟ್ಟವರು. ಮಾನಕ ಬರೆದ ಪುಣ್ಯಾತ್ಮರು ಎಲ್ಲವನ್ನೂ ಯೋಚಿಸಿದ್ದರು. ನಮ್ಮ ಫೈಲಿನಲ್ಲಿ ತಂತ್ರಾಂಶದ ಹೆಸರಿತ್ತು, ಹೊತ್ತು ಇತ್ತು. ಅವನ್ನು ಯಂತ್ರವೇ ತುಂಬುತ್ತದೆ. ಕರ್ತೃವಿನ ಜಾಗದಲ್ಲಿ ಎರಡು ಉದ್ಧರಣ ಚಿಹ್ನೆ, ನಡುವೆ ಏನೂ ಇಲ್ಲ. ಸಂಸ್ಥೆಯ ಜಾಗದಲ್ಲೂ ಹಾಗೆ. ಅಧಿಕಾರ ಕೊಟ್ಟವರ ಜಾಗದಲ್ಲೂ ಹಾಗೆ. ಅಂದಿನಿಂದ ಬರುವ ಪ್ರತಿ ಫೈಲಿನ ತಲೆಬರಹ ನೋಡುವುದು ನಮಗೆ ಚಾಳಿಯಾಗಿದೆ. ಹೆಸರು ತುಂಬಿದ ಫೈಲುಗಳನ್ನು ಬೆರಳೆಣಿಸಬಹುದು.

ಮದರಸದಲ್ಲಿ ನಾಲ್ಕು ಅಕ್ಷರ ಕಲಿತವರಿಗೆ ಇಲ್ಲಿ ಒಂದು ವಿಷಯ ನೆನಪಾಗದೆ ಇರದು. ಹದೀಸಿಗೆ ಎರಡು ಅಂಗಗಳು – ಮತ್ನ್ ಮತ್ತು ಸನದ್. ಮತ್ನ್ ಎಂದರೆ ಹೇಳಿದ ಮಾತು. ಸನದ್ ಎಂದರೆ ಆ ಮಾತು ಯಾರಿಂದ ಯಾರಿಗೆ ಹೇಗೆ ಬಂತೆಂಬ ಸರಪಳಿ. ಇಮಾಮ್ ಬುಖಾರಿಯವರ ಕಾಲಕ್ಕೆ, ಅಂದರೆ ಹಿಜರಿ ಮೂರನೆಯ ಶತಮಾನದ ಹೊತ್ತಿಗೆ, ಸರಪಳಿಯ ಒಂದೊಂದು ಕೊಂಡಿಯನ್ನೂ ಪರೀಕ್ಷಿಸುವುದೇ ಒಂದು ಶಾಸ್ತ್ರವಾಗಿ ಬೆಳೆದಿತ್ತು. ಈತ ಆತನನ್ನು ಕಂಡಿದ್ದನೇ? ಈತನ ನೆನಪು ಗಟ್ಟಿಯೇ? ಮಾತು ಎಷ್ಟು ಚೆನ್ನಾಗಿದ್ದರೂ ನಡುವೆ ಒಂದು ಹೆಸರು ಬಿಟ್ಟುಹೋಗಿದ್ದರೆ ವಿದ್ವಾಂಸರು ಅದನ್ನು ದುರ್ಬಲವೆಂದು ಬದಿಗಿಡುತ್ತಿದ್ದರು. ಪ್ರವಾದಿಯವರ (ಸ) ಮಾತಿಗೂ ಅಲ್ಯೂಮಿನಿಯಂ ತುಂಡಿಗೂ ನಾವು ಹೋಲಿಕೆ ಮಾಡುತ್ತಿಲ್ಲ, ಅಷ್ಟು ಅವಿವೇಕಿಗಳಲ್ಲ. ಆದರೆ ಹೇಳಿದ್ದೇನು ಎಂಬುದರಷ್ಟೇ ಹೇಳಿದವರಾರು ಎಂಬುದೂ ಮುಖ್ಯವೆಂದು ಬಗೆದ ಸಮುದಾಯದ ಮಕ್ಕಳು ನಾವು, ಹೆಸರಿಲ್ಲದ ಫೈಲನ್ನು ಪ್ರಮಾಣವೆಂದು ಒಪ್ಪಿ ಯಂತ್ರ ಚಾಲೂ ಮಾಡಬೇಕಾಗಿದೆ.

ಯಂತ್ರಗಳ ವಿಷಯದಲ್ಲೇ ಬೇಕಿದ್ದರೆ ಅಲ್ ಜಝರಿಯವರನ್ನು ನೋಡಬಹುದು. ಇಂದಿನ ತುರ್ಕಿಯ ದಿಯಾರ್‌ಬಕಿರ್‌ನಲ್ಲಿ ಅರ್ತುಕಿದ್ ದೊರೆಗಳ ಆಶ್ರಯದಲ್ಲಿದ್ದ ಅವರು 1206ರಲ್ಲಿ ಯಂತ್ರಸಾಧನಗಳ ಗ್ರಂಥ ಮುಗಿಸಿದರು. ಐವತ್ತು ಸಾಧನಗಳು. ಚಿತ್ರದ ಒಂದೊಂದು ಭಾಗಕ್ಕೂ ಒಂದು ಅಕ್ಷರ ಕೊಟ್ಟು, ಪಕ್ಕದ ಪಠ್ಯದಲ್ಲಿ ಆ ಅಕ್ಷರ ಹಿಡಿದು ಅಳತೆ, ಮಾಡುವ ಬಗೆ, ಜೋಡಿಸುವ ಕ್ರಮ ವಿವರಿಸಿದರು. 1976ರಲ್ಲಿ ಲಂಡನ್ನಿನ ಇಸ್ಲಾಮೀ ಜಗತ್ತಿನ ಉತ್ಸವಕ್ಕಾಗಿ ಅವರ ದೊಡ್ಡ ಜಲಗಡಿಯಾರವನ್ನು ಆ ವಿವರಣೆಯ ಆಧಾರದಲ್ಲೇ ಮತ್ತೆ ಕಟ್ಟಿ ನಿಲ್ಲಿಸಿದರು, 770 ವರ್ಷಗಳ ನಂತರ. ಚಿತ್ರ ಮಾತ್ರ ಉಳಿದಿದ್ದರೆ ಆಗುತ್ತಿತ್ತೇ ಎಂದು ನಮಗೆ ಅನುಮಾನ. ನಮ್ಮ ಬ್ರಾಕೆಟ್ಟಿನ ನಕ್ಷೆ ಹತ್ತು ಕಿಲೋಮೀಟರು ದಾಟಲಿಲ್ಲ.

ದುಡ್ಡಿನ ಮಾತನ್ನೂ ಆಡಬೇಕು. ಈ ತೊಂದರೆ ಬೇಡವೆಂದರೆ ನಮ್ಮದೇ ತಂತ್ರಾಂಶ ಕೊಂಡುಕೊಳ್ಳಿ, ಮೂಲ ಫೈಲನ್ನೇ ಕಳಿಸುತ್ತೇವೆ ಎಂದು ದೊಡ್ಡ ಗಿರಾಕಿಗಳು ಹೇಳುತ್ತಾರೆ. ನಾಲ್ಕು ಗಿರಾಕಿಗಳಿಗೆ ನಾಲ್ಕು ತಂತ್ರಾಂಶ, ಒಂದೊಂದಕ್ಕೆ ಲಕ್ಷಗಟ್ಟಲೆ, ಅದರ ಮೇಲೆ ವರ್ಷ ವರ್ಷದ ಚಂದಾ. ಹೊಸ ಆವೃತ್ತಿ ಬಂದರೆ ಹಳೆಯದು ಹೊಸ ಫೈಲನ್ನು ತೆರೆಯುವುದಿಲ್ಲ. ಕಳ್ಳ ಪ್ರತಿ ಹಾಕಿಕೊಳ್ಳಿ, ಎಲ್ಲರೂ ಅದನ್ನೇ ಮಾಡುತ್ತಾರೆ ಎನ್ನುವ ಹಿತೈಷಿಗಳೂ ಇದ್ದಾರೆ. ನಮ್ಮ ಮಸೀದಿಯ ಮೌಲಾನಾರನ್ನು ಈ ಬಗ್ಗೆ ಕೇಳಿದ್ದೆವು. ಕದ್ದ ತಕ್ಕಡಿಯಲ್ಲಿ ಸರಿಯಾಗಿ ತೂಗಿದರೂ ತಕ್ಕಡಿ ಕದ್ದದ್ದೇ ಎಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ತೂಕ ಅಳತೆಯಲ್ಲಿ ಮೋಸ ಮಾಡುವವರನ್ನು ಎಚ್ಚರಿಸುವ ಅಲ್ ಮುತಫ್ಫಿಫೀನ್ ಅಧ್ಯಾಯವನ್ನು ನೆನಪಿಸಿ, ಪೂರ್ತಿ ಅಳತೆಯನ್ನು ತಿಳಿಸದೆ ಪೂರ್ತಿ ಮಾಲನ್ನು ಕೇಳುವವರು ಕೂಡ ಆ ಅಧ್ಯಾಯವನ್ನು ಒಮ್ಮೆ ಓದಿಕೊಳ್ಳಲಿ ಎಂದು ನಕ್ಕರು.

ನಾವು ಒಂದು ತಂತ್ರಾಂಶವನ್ನು ಕಂತಿನ ಮೇಲೆ ಕೊಂಡಿದ್ದೇವೆ. ಮಿಕ್ಕದ್ದಕ್ಕೆ ಫ್ರೀಕ್ಯಾಡ್ ಬಳಸುತ್ತೇವೆ. 2002ರಿಂದ ಬೆಳೆದು ಬಂದಿರುವ ಮುಕ್ತ ತಂತ್ರಾಂಶ, ಯಾರಿಗೂ ಹಣ ಕೊಡಬೇಕಿಲ್ಲ, ಸ್ಟೆಪ್ ಓದುತ್ತದೆ. ಇಂಟರ್‌ನೆಟ್ಟಿನಲ್ಲಿ ಅದರ ಪಾಠಗಳನ್ನು ನೋಡಿ ನಮ್ಮ ಹುಡುಗರಲ್ಲಿ ಇಬ್ಬರು ತಾವೇ ಕಲಿತರು. ಗಿರಾಕಿಗಳಿಗೆ ಒಂದು ಷರತ್ತನ್ನೂ ಹಾಕಿದ್ದೇವೆ: ಫೈಲಿನ ಜೊತೆ ಒಂದು ಪುಟದ ಚೀಟಿ ಬರಬೇಕು. ಯಾವ ತಿದ್ದುಪಡಿ, ಯಾವ ದಿನ, ಥ್ರೆಡ್ ಎಲ್ಲೆಲ್ಲಿ, ಮಿತಿ ಎಷ್ಟು, ಕಳಿಸಿದವರ ಹೆಸರೇನು. ಇಬ್ಬರು ಗಿರಾಕಿಗಳು ಬಿಟ್ಟುಹೋದರು. ಒಬ್ಬರು, ಹೆಸರು ಬರೆಯಲು ತಮ್ಮ ಕಾನೂನು ವಿಭಾಗ ಒಪ್ಪುವುದಿಲ್ಲ ಎಂದರು. ಹಾಗಾದರೆ ಯಂತ್ರ ಚಾಲೂ ಮಾಡಲು ನಮ್ಮ ವಿಭಾಗವೂ ಒಪ್ಪುವುದಿಲ್ಲ ಎಂದೆವು. ನಮ್ಮ ವಿಭಾಗವೆಂದರೆ ಒಂದು ಸ್ಟೂಲು. ಮೂರು ವಾರ ಬಿಟ್ಟು ಹೆಸರಿನ ಸಮೇತ ಚೀಟಿ ಬಂತು.

ಇತ್ತೀಚೆಗೆ ಆ ಇಬ್ಬರಲ್ಲಿ ಒಬ್ಬ ಹುಡುಗ ಸಂಜೆ ಹೊತ್ತು ಚಾಚಾರ ಅಂಗಡಿಯಲ್ಲಿ ಕೂರುತ್ತಾನೆ. ಎನ್‌ಜಿಇಎಫ್ ಮುಚ್ಚಿ ಇಷ್ಟು ವರ್ಷವಾದರೂ ಅದರ ಮೋಟಾರುಗಳು ಗಿರಣಿಗಳಲ್ಲಿ, ಕಾರ್ಖಾನೆಗಳಲ್ಲಿ ತಿರುಗುತ್ತಲೇ ಇವೆ. ಸುಟ್ಟುಹೋದಾಗ ಹೊಸದಾಗಿ ಸುತ್ತಬೇಕಾದರೆ ಎಷ್ಟು ಸುತ್ತು, ಯಾವ ಗೇಜಿನ ತಂತಿ, ಯಾವ ತೋಡಿನಿಂದ ಯಾವ ತೋಡಿಗೆ ಎಂಬುದನ್ನು ಹೇಳುವ ಕಚೇರಿ ಈಗ ಇಲ್ಲ. ಚಾಚಾರ ಬಳಿ ಉರ್ದುವಿನಲ್ಲಿ ಬರೆದ ಐದು ನೋಟುಬುಕ್ಕುಗಳಿವೆ. ಬಿಚ್ಚಿದ ಪ್ರತಿ ಮೋಟಾರಿನ ಲೆಕ್ಕವನ್ನೂ ಅವರು ಬರೆದಿಟ್ಟಿದ್ದಾರೆ. ಅದರಲ್ಲಿ ಕೆಲವು ಅವರ ಉಸ್ತಾದರಿಂದ ಬಂದವು, ಪಕ್ಕದಲ್ಲಿ ಉಸ್ತಾದರ ಹೆಸರಿದೆ. ಹುಡುಗ ಅವನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದಾನೆ. ಮೂರು ಪುಸ್ತಕ ಮುಗಿದಿವೆ. ಈಗ ತಂತಿಯ ಗೇಜಿನ ಬಗ್ಗೆ ಜಗಳ ನಡೆದಿದೆ. ಚಾಚಾ ಬರೆದದ್ದು 22 ಗೇಜು. ಮಿಲಿಮೀಟರಿನಲ್ಲಿ ಅದು 0.711, ಹೊಸಬರಿಗೆ ಅದೇ ಸಲೀಸು, 22ನ್ನು ಅಳಿಸಿ ಅದನ್ನೇ ಹಾಕುತ್ತೇನೆ ಎನ್ನುತ್ತಾನೆ ಹುಡುಗ. ಅಳಿಸಬೇಡ, ಪಕ್ಕದಲ್ಲಿ ಇನ್ನೊಂದು ಖಾನೆ ಮಾಡಿ ಬರೆ, ಬದಲಿಸಿದವನು ನೀನೆಂದು ಅಲ್ಲೇ ಹಾಕು ಎಂದಿದ್ದೇವೆ. ಖಾನೆ ಜಾಸ್ತಿಯಾದರೆ ಪರದೆಯಲ್ಲಿ ಹಿಡಿಸುವುದಿಲ್ಲವಂತೆ.